ಮಡಿಲಿನ ಕಡಲೆಕಾಯಿ

ಹೋದ ವರ್ಷ ನಮ್ಮ ಶಾಲೆಗೆ ವರ್ಗವಾಗಿ ಬಂದ ವಿಜ್ಞಾನದ ಮೇಡಂ ಇನ್ನೂ ಮೂವತ್ತು ದಾಟದ ಹುಡುಗಿ. ಒಂದು ಸೋಮವಾರ ಮಧ್ಯಾಹ್ನ ನಾವೆಲ್ಲ ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚುವ ಹೊತ್ತಿಗೆ ಆಕೆ ಮೊಬೈಲಿನಲ್ಲಿ ಫೋಟೋ ತೋರಿಸುತ್ತಿದ್ದಳು. ಬೆಂಗಳೂರಿನ ಹೊರವಲಯದ ಯಾವುದೋ ಬಯಲು, ಬಣ್ಣಬಣ್ಣದ ದೀಪ, ಹುಲ್ಲಿನ ಮೇಲೆ ಕಾಲು ಚಾಚಿ ಕೂತ ಹುಡುಗ ಹುಡುಗಿಯರು. ಕೆಲವರು ತಿನ್ನುತ್ತಿದ್ದಾರೆ, ಕೆಲವರು ಮಲಗಿಯೇ ಇದ್ದಾರೆ. ಎಲ್ಲರ ಮಣಿಕಟ್ಟಿಗೂ ಒಂದೊಂದು ಕಾಗದದ ಪಟ್ಟಿ. "ಮ್ಯೂಸಿಕ್ ಫೆಸ್ಟಿವಲ್ ಮೇಡಂ. ಯಾರೂ ಯಾರನ್ನೂ ಕೇಳಲ್ಲ, ಹೇಗೆ ಬೇಕೋ ಹಾಗೆ ಕೂತು ಕೇಳಬಹುದು. ನೀವು ಯಾವತ್ತಾದರೂ ಇಂಥದ್ದಕ್ಕೆ ಹೋಗಿದ್ದೀರಾ?" ಎಂದಳು. ನಾನು ಹೋಗಿರಲಾರೆ ಎಂಬ ನಂಬಿಕೆ ಆ ಪ್ರಶ್ನೆಯಲ್ಲೇ ಇತ್ತು.

"ಹೋಗಿದ್ದೀನಮ್ಮ, 1989ರಲ್ಲಿ. ಮಡಿಲಲ್ಲಿ ಕಡಲೆಕಾಯಿ ಕಟ್ಟಿಕೊಂಡು" ಎಂದೆ.

ಸ್ಟಾಫ್ ರೂಮೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ಆ ಮಧ್ಯಾಹ್ನ ಒಂಬತ್ತನೇ ತರಗತಿಗೆ ಪಾಠ ಮಾಡುತ್ತಿದ್ದಷ್ಟು ಹೊತ್ತೂ ಕಿವಿಯಲ್ಲಿ ಕಡಲೆಕಾಯಿ ಸಿಪ್ಪೆ ಒಡೆಯುವ ಸಣ್ಣ ಸದ್ದು ಕೇಳುತ್ತಲೇ ಇತ್ತು.

ನಮ್ಮೂರು ಮಿಡಿಗೇಶಿ. ಮಧುಗಿರಿಯಿಂದ ಪಾವಗಡದ ಕಡೆಗೆ ಹೋಗುವ ದಾರಿಯಲ್ಲಿ, ಬಸ್ಸಿನ ಕಿಟಕಿಯಿಂದ ದೊಡ್ಡ ಬಂಡೆಬೆಟ್ಟವೂ ಅದರ ಮೈಗೆ ಅಂಟಿಕೊಂಡ ಹಳೆಯ ಕೋಟೆಯ ಗೋಡೆಯೂ ಕಂಡರೆ ಅದೇ ನಮ್ಮೂರು. ಹಿಂದೆ ಇಲ್ಲೊಬ್ಬ ರಾಣಿ ಇದ್ದಳಂತೆ, ಅವಳ ತಲೆಗೂದಲು ಹಿಮ್ಮಡಿ ಮುಟ್ಟುತ್ತಿತ್ತಂತೆ, ಅದಕ್ಕೇ ಊರಿಗೆ ಮಿಡಿಗೇಶಿ ಎಂದು ಹೆಸರು ಬಂತಂತೆ. ಚಿಕ್ಕಂದಿನಲ್ಲಿ ಅಮ್ಮ ತಲೆ ಬಾಚುವಾಗ ಈ ಕತೆ ಹೇಳುತ್ತಿದ್ದಳು. ಸಿಕ್ಕು ಬಿಡಿಸುವಾಗ ನಾನು ಕಿರುಚಿದರೆ, "ಮೊಣಕೈವರೆಗೂ ಇಲ್ಲದ ಕೂದಲಿಗೆ ಇಷ್ಟು ಕೂಗ್ತೀಯಲ್ಲ, ಆ ರಾಣಿ ಏನು ಮಾಡಿದ್ಲೋ" ಎನ್ನುತ್ತಿದ್ದಳು. ಮಳೆ ಕಡಿಮೆಯ ಸೀಮೆ ನಮ್ಮದು. ಕಡಲೆಕಾಯಿ, ರಾಗಿ, ಹುಣಸೆ, ಇವೇ ನಮ್ಮ ಸಂಪತ್ತು. ಆಂಧ್ರದ ಗಡಿ ಹತ್ತಿರವಾದ್ದರಿಂದ ಅರ್ಧ ಊರು ತೆಲುಗಿನಲ್ಲಿ ಜಗಳವಾಡಿ ಕನ್ನಡದಲ್ಲಿ ರಾಜಿಯಾಗುತ್ತಿತ್ತು. ಭಜನೆಯಲ್ಲೂ ಎರಡೂ ಭಾಷೆ ಬೆರೆತೇ ಬರುತ್ತಿದ್ದವು.

ಅಪ್ಪನದು ಒಂದು ಕಿರಾಣಿ ಅಂಗಡಿ, ನಾಲ್ಕು ಎಕರೆ ಹೊಲ. ಅಮ್ಮ ಮೂರನೇ ಕ್ಲಾಸಿನವರೆಗೆ ಓದಿದವಳು. ಅವಳು ಕೈ ಖಾಲಿ ಇಟ್ಟುಕೊಂಡು ಕೂತದ್ದನ್ನು ನಾನು ಕಂಡೇ ಇರಲಿಲ್ಲ. ಯಾರಾದರೂ ಮಾತಾಡಿಸಲು ಬಂದರೆ ಹುಣಸೆಹಣ್ಣಿನ ಮಂಕರಿ ಎಳೆದುಕೊಂಡು ಬೀಜ ಬಿಡಿಸುತ್ತಲೇ ಮಾತು. ಬೇಸಿಗೆಯಲ್ಲಿ ಬಿತ್ತನೆ ಕಡಲೆಕಾಯಿ ಸುಲಿಯುವ ಕೆಲಸ. ಯಂತ್ರಕ್ಕೆ ಹಾಕಿದರೆ ಬೀಜ ಒಡೆಯುತ್ತದೆ ಎಂದು ಬಿತ್ತನೆಯದನ್ನು ಕೈಯಲ್ಲೇ ಸುಲಿಯಬೇಕು. ಸುಲಿದು ಸುಲಿದು ಅಮ್ಮನ ಬಲಗೈ ಹೆಬ್ಬೆರಳಿನ ತುದಿ ಹಲಗೆಯ ಹಾಗೆ ಗಟ್ಟಿಯಾಗಿತ್ತು.

ಕೈಯಷ್ಟೇ ಅಲ್ಲ, ಗಂಟಲೂ ಸುಮ್ಮನಿರುತ್ತಿರಲಿಲ್ಲ. ಬೀಸುವ ಕಲ್ಲಿನ ಪದ, ಸೋಬಾನೆ ಪದ, ಕೋಲಾಟದ ಪದ, ತೊಟ್ಟಿಲ ಪದ, ಯಾವುದಕ್ಕೂ ಬರಹವಿಲ್ಲ, ಎಲ್ಲ ನಾಲಿಗೆಯ ಮೇಲೆಯೇ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಊರಿಗೆ ಹಿಟ್ಟಿನ ಗಿರಣಿ ಬಂತು. ಹೆಂಗಸರ ತೋಳಿಗೆ ಆರಾಮ ಸಿಕ್ಕಿತು. ಮುಂಜಾನೆ ನಾಲ್ಕಕ್ಕೆ ಕೇಳುತ್ತಿದ್ದ ಹಾಡು ನಿಂತಿತು. ಗಿರಣಿಯ ಟಕಟಕ ಸದ್ದಿಗೆ ಯಾರು ತಾನೆ ದನಿಗೂಡಿಸುತ್ತಾರೆ? ಆಮೇಲೆ ಅಮ್ಮನ ಪದಗಳು ಕಡಲೆಕಾಯಿ ಸುಲಿಯುವಾಗಿನ ಗುನುಗಾಗಿ ಉಳಿದವು.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಬೀದಿಯ ಭಜನೆ ಮನೆಯಲ್ಲಿ ರಾಮನವಮಿಗೆ ಪಾನಕ, ಕೋಸಂಬರಿ, ರಾತ್ರಿಯೆಲ್ಲ ಭಜನೆ. ಒಂದು ವರ್ಷ ಮೊದಲ ಸಲ ಮಧುಗಿರಿಯಿಂದ ಮೈಕ್ ಸೆಟ್ಟು ತರಿಸಿದರು. ಬೇವಿನ ಮರಕ್ಕೆ ಲೌಡ್‌ಸ್ಪೀಕರ್ ಕಟ್ಟಿದ್ದರು. ಗಂಡಸರೆಲ್ಲ ಹಾಡಿ ಗಂಟಲು ಕಟ್ಟಿದ ಮೇಲೆ ಊರ ಹಿರಿಯರೊಬ್ಬರು ನಮ್ಮ ಜಗಲಿಯ ಕಡೆ ತಿರುಗಿ, "ತಾಯಿ, ನಿಮ್ಮ ಕಂಠ ಚೆನ್ನಾಗೈತೆ, ಒಂದು ದೇವರನಾಮ ಹೇಳಿ" ಎಂದರು. ಅಮ್ಮ ಎದ್ದಳು. ಸೆರಗು ಸರಿ ಮಾಡಿಕೊಂಡಳು. ಎರಡು ಮೆಟ್ಟಿಲು ಇಳಿದೂ ಇಳಿದಳು. ಅಷ್ಟರಲ್ಲಿ ಬಾಗಿಲಲ್ಲಿ ಕೂತಿದ್ದ ನಮ್ಮಜ್ಜಿ, ಅಪ್ಪನ ತಾಯಿ, ಅಮ್ಮನನ್ನು ಒಂದು ಸಲ ನೋಡಿದರು. ಬೈಯಲಿಲ್ಲ, ಬೇಡ ಎನ್ನಲಿಲ್ಲ, ಬರೀ ನೋಡಿದರು. "ಒಲೆ ಮೇಲೆ ಹಾಲಿಟ್ಟಿದ್ದೆ" ಎಂದು ಅಮ್ಮ ಒಳಗೆ ಹೋದಳು. ಒಲೆಯ ಮೇಲೆ ಹಾಲಿರಲಿಲ್ಲ. ಅದು ನನಗೆ ಗೊತ್ತಿತ್ತು, ಏಕೆಂದರೆ ಆ ಹಾಲನ್ನು ಕುಡಿದವಳು ನಾನೇ.

1989ರ ಏಪ್ರಿಲ್‌ನಲ್ಲಿ ಅಪ್ಪನ ಕಣ್ಣಿಗೆ ಪೊರೆ ಬಂದು ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಗೆ ಹೋಗಬೇಕಾಯಿತು. ನಾನು ಬಿ.ಎ. ಕೊನೆಯ ವರ್ಷದ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದೆ. ಓದಿದವಳು, ಆಸ್ಪತ್ರೆಯಲ್ಲಿ ಬೋರ್ಡು ಓದಲು ಬೇಕು ಎಂದು ನನ್ನನ್ನೂ ಹೊರಡಿಸಿದರು. ಅಪ್ಪ, ಅಮ್ಮ, ಚಿಕ್ಕಪ್ಪ, ನಾನು, ಮತ್ತು ಸೋದರಮಾವನ ಮನೆಗೆಂದು ಒಂದು ಚೀಲ ಹುರಿದ ಕಡಲೆಕಾಯಿ. ಕೊರಟಗೆರೆ, ದಾಬಸ್‌ಪೇಟೆ, ನೆಲಮಂಗಲ ಎಂದು ಬಸ್ಸು ಕುಲುಕಿ ಕುಲುಕಿ ಮೆಜೆಸ್ಟಿಕ್ ತಲುಪುವ ಹೊತ್ತಿಗೆ ಅಮ್ಮ ಎರಡು ನಿಂಬೆಹಣ್ಣು ಮೂಸಿ ಮುಗಿಸಿದ್ದಳು.

ಮಾವನ ಮನೆ ಇದ್ದದ್ದು ಚಾಮರಾಜಪೇಟೆಯ ಒಂದು ವಠಾರದಲ್ಲಿ. 1892ರಲ್ಲಿ ಅಳತೆ ಹಾಕಿ ಕಟ್ಟಿದ ಹಳೆಯ ಬಡಾವಣೆ ಅದು. ಅಗಲವಾದ ಬೀದಿಗಳು, ಸಾಲಾಗಿ ಹೆಂಚಿನ ಮನೆಗಳು. ವಠಾರದ ಒಳಗೆ ಮಾತ್ರ ಏಳು ಸಂಸಾರಕ್ಕೆ ಒಂದೇ ನಲ್ಲಿ. ಆಸ್ಪತ್ರೆ ಅಲ್ಲಿಗೆ ನಡೆಯುವಷ್ಟು ಹತ್ತಿರ. ಅಪ್ಪನಿಗೆ ಆಪರೇಷನ್ ಆಗಿ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದರು. ಗಂಡಸರ ವಾರ್ಡಿನಲ್ಲಿ ರಾತ್ರಿ ಚಿಕ್ಕಪ್ಪ ಇರುವುದು, ಹಗಲು ಅಮ್ಮ, ನಾನು ಎಂದು ಏರ್ಪಾಡಾಯಿತು. ಸಂಜೆ ಚಿಕ್ಕಪ್ಪ ಬಂದೊಡನೆ ನಾವು ಹೊರಬೀಳಬೇಕು. ಮಾವನ ಮನೆಯ ಒಂದೇ ಕೋಣೆಯಲ್ಲಿ ಅತ್ತೆ ಅಡಿಗೆ ಮಾಡುತ್ತಿರುತ್ತಾರೆ, ಅಲ್ಲಿ ಹೋಗಿ ಎಲ್ಲಿ ಕೂರುವುದು? "ಸ್ವಲ್ಪ ಗಾಳಿಗೆ ನಡೆದು ಹೋಗೋಣ ಕಣೇ" ಎಂದಳು ಅಮ್ಮ. ಅವಳ ಬಾಯಲ್ಲಿ ಅಂಥ ಮಾತು ಕೇಳಿದ್ದು ಅದೇ ಮೊದಲು. ಅವಳು ಗಾಳಿಗೆಂದು ನಡೆದವಳಲ್ಲ, ನೀರಿಗೆಂದು ನಡೆದವಳು.

ಟಿಪ್ಪುವಿನ ಅರಮನೆಯ ಕಡೆಗೆ ನಡೆಯುತ್ತಿದ್ದಾಗ ವೀಣೆಯೋ ಪಿಟೀಲೋ ತಿಳಿಯದ ಒಂದು ದನಿ ಗಾಳಿಯಲ್ಲಿ ಬಂತು. ಮಾರುಕಟ್ಟೆಯ ಕಡೆಯಿಂದ ಬಸ್ಸುಗಳ ಹಾರನ್ನು, ಆಟೋಗಳ ಗಲಾಟೆ. ಅದರ ನಡುವೆ ಈ ದನಿ, ಸಂತೆಯಲ್ಲಿ ಪರಿಚಯದವರು ಹೆಸರು ಹಿಡಿದು ಕರೆದ ಹಾಗೆ. ದನಿ ಹಿಡಿದು ಹೋದೆವು. ಕೋಟೆ ಹೈಸ್ಕೂಲಿನ ಮೈದಾನದಲ್ಲಿ ದೊಡ್ಡ ಪೆಂಡಾಲು. ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ. ನಮಗೆ ಅದಾವುದೂ ತಿಳಿಯದು. ನಾನು ಬೋರ್ಡು ಓದಿ ಅಮ್ಮನಿಗೆ ಹೇಳಿದೆ. "ರಾಮನವಮಿಯಾ? ಹಂಗಾದ್ರೆ ಪಾನಕ ಕೊಟ್ಟಾರು" ಎಂದಳು.

ಎಸ್.ವಿ. ನಾರಾಯಣಸ್ವಾಮಿ ರಾವ್ ಎನ್ನುವವರು ಅದನ್ನು 1939ರಲ್ಲಿ ಶುರುಮಾಡಿದರು, ಎಂ.ಎಸ್. ಸುಬ್ಬುಲಕ್ಷ್ಮಿ, ಭೀಮಸೇನ ಜೋಶಿ, ನಮ್ಮ ವೀಣೆ ದೊರೆಸ್ವಾಮಿ ಅಯ್ಯಂಗಾರ್ ಇವರೆಲ್ಲ ಅಲ್ಲಿ ಕಛೇರಿ ಮಾಡಿದವರು ಎಂಬುದನ್ನು ನಾನು ಎಷ್ಟೋ ವರ್ಷದ ಮೇಲೆ ಓದಿ ತಿಳಿದೆ. ನಾವು ಹೋದಾಗಲೇ ಅದಕ್ಕೆ ಐವತ್ತು ವರ್ಷವಾಗಿತ್ತು. ಅಂದು ನಮಗೆ ಕಂಡದ್ದು ಇಷ್ಟೇ: ಒಳಗೆ ಕುರ್ಚಿಗಳು, ಅದಕ್ಕೆ ಟಿಕೆಟ್ಟು, ಹೊರಗೆ ನೆಲ, ಅದಕ್ಕೆ ಏನೂ ಇಲ್ಲ. ಹೊರಗೂ ಸ್ಪೀಕರ್ ಇತ್ತು. ನೆಲದ ಮೇಲೆ ಎಷ್ಟೊಂದು ಜನ! ಹಳೆಯ ಪೇಪರ್ ಹಾಸಿಕೊಂಡು ಕೂತ ಮುದುಕರು, ಸೈಕಲ್ಲಿಗೆ ಒರಗಿ ನಿಂತ ಆಫೀಸಿನವರು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಂದಿರು, ಹೂ ಮಾರಿ ಮುಗಿಸಿ ಖಾಲಿ ಬುಟ್ಟಿ ಪಕ್ಕಕ್ಕಿಟ್ಟು ಕೂತ ಹೆಂಗಸು. ಒಬ್ಬರು ತೊಡೆಯ ಮೇಲೆ ತಾಳ ಹಾಕುತ್ತಿದ್ದರೆ ಪಕ್ಕದವರು ಗೊರಕೆ ಹೊಡೆಯುತ್ತಿದ್ದರು. ಗೊರಕೆಯವರನ್ನು ಯಾರೂ ಎಬ್ಬಿಸಲಿಲ್ಲ. ಅದೇ ನನಗೆ ದೊಡ್ಡ ಆಶ್ಚರ್ಯ. ನಮ್ಮೂರಲ್ಲಿ ಹರಿಕಥೆಗೆ ಕೂತವರು ತೂಕಡಿಸಿದರೆ ದಾಸರು ಕತೆಯ ನಡುವೆಯೇ ಹೆಸರು ಹಿಡಿದು ಕೂಗುತ್ತಿದ್ದರು!

"ಏನೇ ಇದು, ಇಷ್ಟು ಜನ ಸುಮ್ನೆ ಕೂತವ್ರೆ" ಎಂದು ಅಮ್ಮ ಪಿಸುಗುಟ್ಟಿದಳು. ಅವಳಿಗೆ ಸಂಗೀತಕ್ಕಿಂತ ಅದು ವಿಚಿತ್ರ. ಕಾಂಪೌಂಡಿನ ಹತ್ತಿರ ಒಂದು ಜಾಗ ನೋಡಿ ಕೂತೆವು. ಕೂತು ಎರಡು ನಿಮಿಷವಾಗಿರಲಿಲ್ಲ, ಅಮ್ಮನ ಕೈ ಚಡಪಡಿಸತೊಡಗಿತು. ಅಪ್ಪನಿಗೆಂದು ಚೀಲದಲ್ಲಿಟ್ಟುಕೊಂಡಿದ್ದ ಕಡಲೆಕಾಯಿಯನ್ನು ಮಡಿಲಿಗೆ ಸುರಿದುಕೊಂಡು ಸುಲಿಯಲು ಶುರುಮಾಡಿದಳು. ತಿನ್ನಲು ಅಲ್ಲ, ಸುಮ್ಮನೆ ಸುಲಿಯಲು. ಸಿಪ್ಪೆ ಒಂದು ಕಡೆ, ಬೀಜ ಒಂದು ಕಡೆ.

ಹಿಂದಿನ ವಾದ್ಯದ ಕಛೇರಿ ಮುಗಿದು ಒಬ್ಬ ಹೆಂಗಸಿನ ಹಾಡು ಶುರುವಾಯಿತು. ಯಾರೆಂದು ನಮಗೆ ತಿಳಿಯಲಿಲ್ಲ. ಹೆಸರು ಹೇಳಿದರೋ ಏನೋ, ಆಗ ಒಂದು ಬಸ್ಸು ಹಾದುಹೋಯಿತು. ಪೆಂಡಾಲಿನ ಹೊರಗಿದ್ದ ನಮಗೆ ಮುಖವೂ ಕಾಣಲಿಲ್ಲ. ಇವತ್ತಿಗೂ ಆ ಹಾಡುಗಾರ್ತಿ ಯಾರೆಂದು ನನಗೆ ಗೊತ್ತಿಲ್ಲ. ರಾಗದ ಹೆಸರೂ ತಿಳಿಯದು. ತುಂಬ ಹೊತ್ತು ಮಾತೇ ಇಲ್ಲದೆ ಬರೀ ದನಿಯನ್ನೇ ಹಿಗ್ಗಿಸಿ, ಎತ್ತಿ, ಇಳಿಸಿ, ಹಾಗೇ ತೂಗಿದ್ದು ನೆನಪು.

ಅರ್ಧ ಗಂಟೆ ಕೇಳಿದ ಮೇಲೆ ಅಮ್ಮ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದಳು:

"ಅಲ್ವೇ, ಈ ಹೊತ್ನಲ್ಲಿ ಆಯಮ್ಮ ಇಲ್ಲಿ ಕೂತು ಹಾಡ್ತಾವ್ಳಲ್ಲ, ಮನೇಲಿ ಅಡಿಗೆ ಯಾರು ಮಾಡ್ತಾರೆ?"

ನಾನು ನಗು ತಡೆಯಲಾರದೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಅಮ್ಮ ನಗಲಿಲ್ಲ. ಅವಳು ನಿಜವಾಗಿಯೇ ಕೇಳಿದ್ದಳು. ಮನೆಯವರು ಏನು ಅನ್ನುವುದಿಲ್ಲವೇ, ಅತ್ತೆ ಇಲ್ಲವೇ, ಇಷ್ಟು ಗಂಡಸರ ಮುಂದೆ ಕೂತು ದನಿ ಎತ್ತಿದರೆ ಯಾರೂ ನೋಡುವುದಿಲ್ಲವೇ? ಈಗ ಯೋಚಿಸಿದರೆ, ಅಂದು ಆ ಮೈದಾನದಲ್ಲಿ ಕೇಳಬೇಕಾಗಿದ್ದ ಪ್ರಶ್ನೆಯೇ ಅದಾಗಿತ್ತು. ನಾಗರತ್ನಮ್ಮನವರ ಕತೆಯನ್ನು ಮುಂದೆ ಓದಿದಾಗ ಅಮ್ಮನ ಆ ಮಾತು ನೆನಪಾಯಿತು. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿ ಬೆಂಗಳೂರು ನಾಗರತ್ನಮ್ಮ ಎಂದು ಹೆಸರಾದ ಆ ತಾಯಿ, ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ತಿರುವೈಯಾರಿನಲ್ಲಿ ತಮ್ಮ ದುಡ್ಡಿನಿಂದ ಗುಡಿ ಕಟ್ಟಿಸಿದರು. ಕಟ್ಟಿಸಿದವರು ಅವರಾದರೂ ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವಂತಿರಲಿಲ್ಲ. 1920ರ ದಶಕದ ಕೊನೆಯಲ್ಲಿ ಅವರು ಹೆಂಗಸರದೇ ಒಂದು ಗುಂಪು ಕಟ್ಟಿ ಬೇರೆಯಾಗಿ ಹಾಡಿಸಿದರು. ಎಲ್ಲರೂ ಒಂದಾಗಿ ಆರಾಧನೆ ನಡೆಸುವ ಹೊತ್ತಿಗೆ 1940 ಬಂದಿತ್ತು. ಇವತ್ತು ಕಾವೇರಿಯ ದಡದಲ್ಲಿ ನೂರಾರು ಹೆಂಗಸರು ಒಟ್ಟಿಗೆ ಕೂತು ಹಾಡುವುದನ್ನು ಟಿ.ವಿ.ಯಲ್ಲಿ ನೋಡುತ್ತೇವೆ. ಅವರನ್ನು ಅಲ್ಲಿ ಕೂರಿಸಿದ್ದು ಒಬ್ಬ ಕನ್ನಡತಿಯ ಹಟ.

ಕತ್ತಲಾಗುತ್ತ ಬಂತು. ಆಗ ನನಗೆ ಏನೋ ಕಡಿಮೆಯಾದ ಹಾಗೆ ಅನ್ನಿಸಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಸಿಪ್ಪೆ ಒಡೆಯುವ ಸದ್ದು ನಿಂತಿತ್ತು. ತಿರುಗಿ ನೋಡಿದೆ. ಅಮ್ಮನ ಎರಡೂ ಕೈ ಮಡಿಲಿನ ಮೇಲೆ ಬಿದ್ದಿದ್ದವು. ಒಂದು ಕಾಯಿ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಡೆಯದೆ ಹಾಗೇ ಇತ್ತು. ತುಟಿ ಮಾತ್ರ ಸಣ್ಣಗೆ ಅಲುಗುತ್ತಿತ್ತು. ಹುಟ್ಟಿದಾಗಿನಿಂದ ನೋಡಿದ ಅಮ್ಮನ ಮುಖ ಅದು. ಆದರೆ ಅಷ್ಟು ಪುರಸೊತ್ತಿನಲ್ಲಿ ಅದನ್ನು ನಾನು ಎಂದೂ ನೋಡಿರಲಿಲ್ಲ.

ಹಾಡು ಮುಗಿದು ಚಪ್ಪಾಳೆ ಬಿದ್ದಾಗ ಬೆಚ್ಚಿ, "ಅಯ್ಯೋ, ಇನ್ನೂ ಇಷ್ಟೈತೆ" ಎಂದು ಮತ್ತೆ ಸುಲಿಯತೊಡಗಿದಳು. ಸುಲಿದ ಬೀಜವನ್ನು ಪಕ್ಕದ ಹೂವಿನಾಕೆಗೆ ಕೊಟ್ಟಳು. ಆಕೆ ಬುಟ್ಟಿಯ ತಳದಲ್ಲಿ ಉಳಿದಿದ್ದ ಎರಡು ಮೊಳ ಮಲ್ಲಿಗೆ ಕೊಟ್ಟಳು. ಗೊರಕೆಯ ಯಜಮಾನರೂ ಎದ್ದು ಕೈ ಚಾಚಿ ಒಂದು ಹಿಡಿ ಇಸಿದುಕೊಂಡು, "ನಿಮ್ಮ ಕಡೆ ಕಾಯಿ ರುಚಿ ಕಣಮ್ಮ" ಎಂದರು. ಸಿಪ್ಪೆಯನ್ನು ಅಮ್ಮ ಒಂದೂ ಬಿಡದೆ ಆಯ್ದು ಚೀಲಕ್ಕೆ ತುಂಬಿದಳು.

ಆಮೇಲೆ ಐದು ಸಂಜೆ ಹೋದೆವು. ಚಿಕ್ಕಪ್ಪ ಬರುವುದು ಹತ್ತು ನಿಮಿಷ ತಡವಾದರೆ ಅಮ್ಮ ವಾರ್ಡಿನ ಬಾಗಿಲಿಗೂ ಮಂಚಕ್ಕೂ ಓಡಾಡುತ್ತಿದ್ದಳು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅಪ್ಪ, "ಅದ್ಯಾಕೆ ಹಂಗೆ ಓಡಾಡ್ತೀಯ, ರೈಲು ತಪ್ಪೋಗುತ್ತಾ?" ಎಂದು ರೇಗುತ್ತಿದ್ದರು. ಎಲ್ಲಿಗೆ ಹೋಗುತ್ತೇವೆ ಎಂದು ಅಮ್ಮ ಹೇಳಿರಲಿಲ್ಲ. "ಕೋಟೆ ವೆಂಕಟರಮಣನ ಗುಡಿಗೆ" ಎನ್ನುತ್ತಿದ್ದಳು. ಸುಳ್ಳಾಗಬಾರದೆಂದು ದಾರಿಯಲ್ಲಿ ಆ ಗುಡಿಗೆ ಒಂದು ಕೈ ಮುಗಿದೇ ಮೈದಾನದ ಕಡೆ ನಡೆಯುತ್ತಿದ್ದಳು.

ಅಪ್ಪನನ್ನು ಮನೆಗೆ ಕಳಿಸುವ ಹಿಂದಿನ ರಾತ್ರಿ ವಠಾರದಲ್ಲಿ ಕರೆಂಟು ಹೋಯಿತು. ಸೆಖೆ ತಡೆಯಲಾರದೆ ಏಳು ಮನೆಯ ಹೆಂಗಸರೂ ನಡುಅಂಗಳಕ್ಕೆ ಬಂದು ಕೂತರು. ಕೈಯೇ ಕಾಣದಷ್ಟು ಕತ್ತಲು. ಯಾವುದೋ ಮಗು ರಚ್ಚೆ ಹಿಡಿದಿತ್ತು. ಅತ್ತೆ, "ಯಾರಾದ್ರೂ ಒಂದು ಹಾಡು ಹೇಳ್ರೇ, ಇದರ ಬಾಯಿ ಮುಚ್ಚಲಿ" ಎಂದರು. ಯಾರೂ ಹೇಳಲಿಲ್ಲ. ಆಮೇಲೆ ನನ್ನ ಪಕ್ಕದಿಂದಲೇ ದನಿ ಎದ್ದಿತು. ನಮ್ಮೂರಿನ ತೊಟ್ಟಿಲ ಪದ. ಮೊದಲು ಸಣ್ಣಗೆ, ಬರುಬರುತ್ತ ಬಿಚ್ಚಿಕೊಂಡು. ಪದದ ನಡುವೆ ಒಂದು ಕಡೆ ಮಾತು ಬಿಟ್ಟು ಬರೀ ದನಿಯನ್ನೇ ಎಳೆದು, ತೂಗಿ, ಮೈದಾನದ ಆ ಹಾಡುಗಾರ್ತಿ ಮಾಡಿದ್ದನ್ನೇ ತನಗೆ ಬಂದ ಹಾಗೆ ಮಾಡಿದಳು. ಬೀಸುವ ಕಲ್ಲಿನ ಹಿಂದೆ, ಹುಣಸೆ ಮಂಕರಿಯ ಹಿಂದೆ ಕೇಳಿದ್ದ ಗಂಟಲು ಅಷ್ಟು ದೊಡ್ಡದೆಂದು ನನಗೇ ತಿಳಿದಿರಲಿಲ್ಲ. ಮಗು ಮಲಗಿತು. ಆದರೂ ಅವಳು ನಿಲ್ಲಿಸಲಿಲ್ಲ.

ಕರೆಂಟು ಬಂದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಯಾರ್ರೀ ಹಾಡಿದ್ದು?" ಎಂದು ಕೊನೆಯ ಮನೆಯವರು ಕೇಳಿದರು. ಅಮ್ಮ ಆಗಲೇ ಎದ್ದು ನಲ್ಲಿಯ ಹತ್ತಿರ ಕೊಡ ತೊಳೆಯುತ್ತಿದ್ದಳು. "ಯಾರೋ ಕಾಣೆ" ಎಂದಳು. ಅತ್ತೆ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕರು.

ಈ ಕತೆಯನ್ನು ಇಲ್ಲಿಗೆ ನಿಲ್ಲಿಸಿದರೆ ಚೆನ್ನಾಗಿರುತ್ತದೆ. ಆದರೆ ಮಕ್ಕಳಿಗೆ ಪೂರ್ತಿ ಉತ್ತರ ಬರೆಯಿರಿ ಎಂದು ಹೇಳುವವಳು ನಾನೇ ಅರ್ಧಕ್ಕೆ ನಿಲ್ಲಿಸಬಾರದು.

ಬಿ.ಎಡ್. ಮುಗಿಸಿದೆ. 1993ರಲ್ಲಿ ಕೆಲಸ ಸಿಕ್ಕಿತು. ಮುಂದಿನ ವರ್ಷದ ಏಪ್ರಿಲ್‌ನಲ್ಲಿ, ನನ್ನ ಸಂಬಳದ ದುಡ್ಡಿನಲ್ಲಿ, ಅಮ್ಮನನ್ನು ಮತ್ತೆ ಅಲ್ಲಿಗೆ ಕರೆದುಕೊಂಡು ಹೋಗಬೇಕೆಂದು ಹೊರಟೆ. ಈಗ ನಾನು ಮೇಷ್ಟ್ರಮ್ಮ. ಹೊರಗೆ ನೆಲದ ಮೇಲೆ ಕೂರುವುದೆಂದರೇನು? ಬೆಂಗಳೂರಿನಲ್ಲಿದ್ದ ಗೆಳತಿಗೆ ಹೇಳಿ ಒಳಗಿನ ಕುರ್ಚಿಯ ಎರಡು ಟಿಕೆಟ್ಟು ಕೊಳ್ಳಿಸಿದ್ದೆ. ಹಿಂದಿನ ದಿನ ಅಮ್ಮ ಗಡಿಬಿಡಿಯಲ್ಲಿ ಕಡಲೆಕಾಯಿ ಹುರಿದು ಚೀಲಕ್ಕೆ ತುಂಬುತ್ತಿದ್ದಳು. "ಒಳಗೆ ಕಾಯಿ ಸುಲಿಯೋಕೆ ಬಿಡ್ತಾರೇನೇ?" ಎಂದು ಕೇಳಿದಳು.

ನಾನು ಹೇಳಿದೆ: "ಅಮ್ಮ, ಅಲ್ಲಿಗೆ ದೊಡ್ಡ ದೊಡ್ಡವರು ಬರ್ತಾರೆ. ನನ್ನ ಜೊತೆ ಓದಿದವರೂ ಇರ್ತಾರೆ. ಎಲ್ಲರ ಮುಂದೆ ಮಡಿಲಲ್ಲಿ ಕಾಯಿ ಹಾಕ್ಕೊಂಡು ಕೂರ್ತೀಯಾ?"

ದನಿ ಏರಿಸಲಿಲ್ಲ. ಬೈಯಲಿಲ್ಲ. ಆದರೆ ಅಮ್ಮ ನನ್ನ ಮುಖವನ್ನು ನೋಡಿದಳು. ನೋಡಿ, ಚೀಲದ ಬಾಯಿ ಕಟ್ಟಿ ಕೆಳಗಿಟ್ಟಳು. "ನೀನು ಹೋಗ್ಬಾ. ನಿಮ್ಮಪ್ಪನಿಗೆ ರಾತ್ರಿ ಊಟಕ್ಕೆ ಯಾರು ಇಕ್ತಾರೆ?" ಎಂದಳು. ಅಪ್ಪನಿಗೆ ಊಟ ಇಕ್ಕಲು ಚಿಕ್ಕಮ್ಮ ಇದ್ದರು. ಅದು ಇಬ್ಬರಿಗೂ ಗೊತ್ತಿತ್ತು. ಒಲೆಯ ಮೇಲೆ ಇಲ್ಲದ ಹಾಲನ್ನು ನೋಡಲು ಅಮ್ಮ ಎರಡನೇ ಸಲ ಒಳಗೆ ಹೋದದ್ದು ಅಂದು. ಮೊದಲ ಸಲ ಕಳಿಸಿದವರು ಅಜ್ಜಿ. ಎರಡನೇ ಸಲ ಕಳಿಸಿದವಳು ಬಿ.ಎ., ಬಿ.ಎಡ್. ಓದಿದ ಮಗಳು.

ನಾನೂ ಹೋಗಲಿಲ್ಲ. ಟಿಕೆಟ್ಟು ಗೆಳತಿಗೇ ಬಿಟ್ಟೆ.

ಅದೇ 1994ರಲ್ಲಿ ನಮ್ಮ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು ಲಂಡನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಸ್ಯಾಕ್ಸೊಫೋನ್ ನುಡಿಸಿದರೆಂದು ಆಮೇಲೆ ಓದಿದೆ. ನಾಗಸ್ವರದವರ ಮಗ ಅವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಆ ವಿದೇಶಿ ವಾದ್ಯ ಕಂಡು ಮನಸೋತು, ಅದನ್ನು ನಮ್ಮ ರಾಗಗಳಿಗೆ ಒಗ್ಗಿಸಿಕೊಂಡವರು. ಅಲ್ಲಿ ಅವರು ನುಡಿಸಿದ್ದು ಪ್ರಾಮ್ಸ್ ಎಂಬ ಉತ್ಸವದಲ್ಲಿ. 1895ರಲ್ಲಿ ಶುರುವಾದ ಆ ಉತ್ಸವದ ಉದ್ದೇಶವೇ ಸಾಮಾನ್ಯರು ಕಡಿಮೆ ದುಡ್ಡಿಗೆ ಬಂದು, ನಿಂತೋ ಅಡ್ಡಾಡುತ್ತಲೋ, ತಿನ್ನುತ್ತ ಕುಡಿಯುತ್ತ ಸಂಗೀತ ಕೇಳಲಿ ಎಂಬುದಾಗಿತ್ತಂತೆ. ಇಂದಿಗೂ ಅಲ್ಲಿ ವೇದಿಕೆಯ ಮುಂದಿನ ಜಾಗ ಅಗ್ಗದ ಟಿಕೆಟ್ಟಿನಲ್ಲಿ ನಿಂತು ಕೇಳುವವರದು. ಲಂಡನಿನವರಿಗೆ ನಾಚಿಕೆಯಾಗದ್ದು ಮಿಡಿಗೇಶಿಯ ನನಗೆ ಆಗಿತ್ತು!

ಆಮೇಲೆ ಪ್ರತಿ ಏಪ್ರಿಲ್‌ನಲ್ಲೂ ಎಸ್.ಎಸ್.ಎಲ್.ಸಿ. ವ್ಯಾಲ್ಯುಯೇಷನ್. ಸಮಾಜ ವಿಜ್ಞಾನದ ಪೇಪರುಗಳ ಕಟ್ಟು. "ಈ ಸಲ ಆಗಲ್ಲಮ್ಮ, ಮುಂದಿನ ವರ್ಷ ಹೋಗೋಣ" ಎನ್ನುತ್ತಿದ್ದೆ. ಒಂದು ವರ್ಷ ಚುನಾವಣೆ ಕೆಲಸ, ಒಂದು ವರ್ಷ ಜನಗಣತಿ, ಮಕ್ಕಳ ಹೆರಿಗೆ, ಮಕ್ಕಳ ಪರೀಕ್ಷೆ. ಅಮ್ಮ ಒಮ್ಮೆಯೂ ಒತ್ತಾಯ ಮಾಡಲಿಲ್ಲ. ಯುಗಾದಿ ಕಳೆದೊಡನೆ, "ಈ ವರ್ಷ ಎಷ್ಟು ಪೇಪರ್ರೇ?" ಎಂದು ಮಾತ್ರ ಕೇಳುತ್ತಿದ್ದಳು. ನಾನು ಲೆಕ್ಕ ಹೇಳುತ್ತಿದ್ದೆ. ಆ ಸಂಗೀತೋತ್ಸವ ಹೆಚ್ಚುಕಡಿಮೆ ಒಂದು ತಿಂಗಳು ನಡೆಯುತ್ತದೆ. ವ್ಯಾಲ್ಯುಯೇಷನ್ ಎರಡು ವಾರ. ನಾನು ಗಣಿತದ ಟೀಚರ್ ಅಲ್ಲ, ಆದರೂ ಇಷ್ಟು ಕಳೆಯುವ ಲೆಕ್ಕ ನನಗೆ ಬರಬೇಕಿತ್ತು.

ಅಮ್ಮ 2007ರಲ್ಲಿ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಸಕ್ಕರೆ ಕಾಯಿಲೆಯಿಂದ ಕಾಲು ಸೋತಿತ್ತು, ಕೈ ಮಾತ್ರ ನಡೆಯುತ್ತಿತ್ತು. ಹಾಸಿಗೆಯಲ್ಲಿ ಒರಗಿಕೊಂಡೇ ಸೇರುಗಟ್ಟಲೆ ಸುಲಿಯುತ್ತಿದ್ದಳು. ನಮ್ಮ ಪಕ್ಕದ ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಎಂಬ ಗೊಲ್ಲರಹಟ್ಟಿಯ ಅಜ್ಜಿ ಸಾವಿರಾರು ಪದ ಹೇಳಿದರು. ವಿದ್ವಾಂಸರು ಅದನ್ನು ಬರೆದುಕೊಂಡರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಕೊಟ್ಟು ಗೌರವಿಸಿತು. ಅದನ್ನು ಓದಿದಾಗ ಸಂತೋಷವಾಯಿತು, ಹೊಟ್ಟೆಯೂ ಉರಿಯಿತು. ಅಮ್ಮನ ಪದಗಳನ್ನು ಬರೆದುಕೊಳ್ಳಲು ಹೊರಗಿನವರು ಯಾರೂ ಬರಬೇಕಾಗಿರಲಿಲ್ಲ. ಮನೆಯಲ್ಲೇ ಒಬ್ಬಳು ಟೀಚರ್ ಇದ್ದಳು, ಅವಳ ಹತ್ತಿರ ಕೆಂಪು ಶಾಯಿಯ ಪೆನ್ನೂ ಇತ್ತು. ಊರಿನ ಮಕ್ಕಳ ತಪ್ಪುಗಳಿಗೆಲ್ಲ ಗೆರೆ ಎಳೆದೆ. ಅಮ್ಮನ ಹನ್ನೊಂದು ಪದ ಮಾತ್ರ ನನ್ನ ನೋಟ್‌ಬುಕ್ಕಿನಲ್ಲಿವೆ. ಅದರಲ್ಲಿ ಆ ಕತ್ತಲಿನ ತೊಟ್ಟಿಲ ಪದ ಇದೆ. ಅಕ್ಷರ ಇದೆ. ಆ ಎಳೆತ ಇಲ್ಲ.

ಇಷ್ಟನ್ನೂ ಒಂದೇ ಸಲ ಅಲ್ಲದಿದ್ದರೂ, ಒಂದು ವಾರದ ಮಧ್ಯಾಹ್ನದ ಬಿಡುವುಗಳಲ್ಲಿ ವಿಜ್ಞಾನದ ಮೇಡಂಗೆ ಹೇಳಿದೆ. ಆಕೆ ಸಮಾಧಾನದ ಮಾತು ಹೇಳಲಿಲ್ಲ. ಅದಕ್ಕೇ ಆಕೆ ನನಗೆ ಇಷ್ಟವಾದದ್ದು. ಡಬ್ಬಿ ಮುಚ್ಚುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಈಗಲೂ ನಡೆಯುತ್ತಾ ಮೇಡಂ?" ಎಂದಳು.

"ನಡೆಯುತ್ತೆ."

"ನಮ್ಮಮ್ಮನೂ ಹಾಡ್ತಾರೆ. ಅಡಿಗೆಮನೇಲಿ. ನಾನು ಹತ್ತಿರ ಹೋದ್ರೆ ನಿಲ್ಲಿಸಿಬಿಡ್ತಾರೆ" ಎಂದು ತನ್ನ ಮೊಬೈಲನ್ನು ಒಮ್ಮೆ ನೋಡಿ, ಬ್ಯಾಗಿನೊಳಗೆ ಇಟ್ಟಳು. "ಮುಂದಿನ ಸಲ ನಾವು ಮೂರು ಜನ ಹೋಗೋಣ. ಒಂದು ಭಾನುವಾರ. ಟಿಕೆಟ್ ನಾನು ಮೊಬೈಲಿನಲ್ಲೇ ನೋಡ್ತೀನಿ."

ನಾನು ಕ್ಯಾಲೆಂಡರಿನ ಕಡೆ ನೋಡಿದೆ. ಭಾನುವಾರಗಳು ಎಲ್ಲ ತಿಂಗಳಲ್ಲೂ ಇದ್ದ ಹಾಗೆ ಏಪ್ರಿಲ್‌ನಲ್ಲೂ ನಾಲ್ಕು ಇದ್ದವು.

"ಟಿಕೆಟ್ ಆಮೇಲೆ ನೋಡೋಣ. ಮೊದಲು ಅಂಚಿನಲ್ಲಿ ಎಲ್ಲಾದರೂ ಜಾಗ ಇದೆಯಾ ನೋಡೋಣ" ಎಂದೆ. "ನಿಮ್ಮಮ್ಮನಿಗೆ ಹೇಳಮ್ಮ, ಕಾಯಿ ನಾನು ಹುರಿದು ತರ್ತೀನಿ. ಸುಲಿಯೋ ಕೆಲಸ ಅವರದು."